ನಮ್ಮ ಬೀಡು ಕಬ್ಬಿಣದ ಮೆಟ್ಟಿಲು ಮೂರು ಮಳೆಗಾಲ ದಾಟಿತು

ಮಲ್ಲೇಶ್ವರದ ನಮ್ಮ ಮನೆಯ ಹಿತ್ತಲಲ್ಲಿ ತಾರಸಿಗೆ ಹತ್ತಲು ಬೀಡು ಕಬ್ಬಿಣದ, ಅಂದರೆ ಎರಕ ಹೊಯ್ದ ಕಬ್ಬಿಣದ, ಸುರುಳಿ ಮೆಟ್ಟಿಲಿದೆ. ಅಜ್ಜನ ಕಾಲದ್ದು, ಒಟ್ಟು 14 ಮೆಟ್ಟಿಲು. 'ಗುಜರಿಗೆ ಹಾಕಿ, ತೂಕದ ದುಡ್ಡಾದರೂ ಬರುತ್ತೆ' ಎಂದು ಹೇಳದವರೇ ಇಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ ಲಾಲ್‌ಬಾಗ್ ಗಾಜಿನ ಮನೆಯ ಬೀಡಿನ ಕಂಬಗಳು ಇನ್ನೂ ನಿಂತಿವೆ. ನಮ್ಮ ಮೆಟ್ಟಿಲು ಯಾಕೆ ನಿಲ್ಲಬಾರದು? ಈಗ ಮೂರು ಮಳೆಗಾಲ ಕಳೆದಿದೆ. ಒಂದು ಕೆಂಪು ಚುಕ್ಕೆಯೂ ಇಲ್ಲ.

ಮೊದಲ ಸಲ ಪೇಂಟರ್‌ಗೆ ಕೊಟ್ಟೆ. ರೆಡ್ ಆಕ್ಸೈಡ್, ಮೇಲೆ ಎರಡು ಕೋಟ್ ಎನಾಮಲ್. ಸುಮಾರು 9,000 ಹೋಯಿತು. ದೀಪಾವಳಿ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಆಮೇಲೆ ಬಿರುಕು ಬಿಟ್ಟ ಒಂದು ಮೆಟ್ಟಿಲಿಗೆ ಅವಸರದಲ್ಲಿ ಮಾಮೂಲಿ ರಾಡ್‌ನಲ್ಲೇ ವೆಲ್ಡಿಂಗ್ ಮಾಡಿಸಿದೆ. ಬೆಳಗಾಗುವುದರೊಳಗೆ ವೆಲ್ಡಿನ ಪಕ್ಕದಲ್ಲೇ ಇನ್ನೂ ಉದ್ದ ಸೀಳಿತ್ತು. ಕೊನೆಗೆ ಅದೇ ಮೆಟ್ಟಿಲನ್ನು ಅಚ್ಚಿಗೆ ಕೊಟ್ಟು ಹೊಸದು ಎರಕ ಹೊಯ್ಯಿಸಿದೆ. ಬೀಡು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದಲ್ವಾ, ಮೆಟ್ಟಿಲುಗಳನ್ನು ಪೋಣಿಸುವ ನಡುಗಂಬ ಅದರ ತೂತಿನೊಳಗೆ ಇಳಿಯಲೇ ಇಲ್ಲ. ಮತ್ತೆ ಲೇಥಿಗೆ ಒಯ್ದು ಕೊರೆಸಿದೆ. ಅದೊಂದಕ್ಕೇ 5,000ದ ಹತ್ತಿರ ಆಯಿತು.

ಗುಟ್ಟು ಗೊತ್ತಾಗಿದ್ದು ಮಳೆ ನಿಂತು ಎರಡು ದಿನ ಆದ ಮೇಲೆ. ಮೆಟ್ಟಿಲುಗಳು ಒಂದರ ಮೇಲೊಂದು ಕೂರುವ ಸಂದಿಯಿಂದ ಕೆಂಪು ನೀರು ಇನ್ನೂ ಒಸರುತ್ತಿತ್ತು. ನಾವು ಹೊರಗೆ ಬಳಿಯುತ್ತಿದ್ದೆವು, ತುಕ್ಕು ಒಳಗಿಂದ ಬಣ್ಣವನ್ನು ತಳ್ಳುತ್ತಿತ್ತು.

ಫೆಬ್ರವರಿ ಕೊನೆಯಲ್ಲಿ ಪೂರ್ತಿ ಬಿಚ್ಚಿದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಏಳಬಾರದು, ಅದಕ್ಕೇ ಗ್ರೈಂಡರ್ ಹಿಡಿಯುವ ಮೊದಲೇ ಪೇಂಟ್ ರಿಮೂವರ್ ಹಚ್ಚಿ ಕೆರೆದೆ. ಆಮೇಲೆ ವೈರ್ ಬ್ರಷ್. ಬೀಡಿನ ಸಣ್ಣ ಗುಳಿಗಳಲ್ಲಿ ತೇವ ಕೂತಿರುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ. ಮಧ್ಯಾಹ್ನ ಎರಡರವರೆಗೆ ಬಿಸಿಲಿಗೆ ಹಾಕಿದೆ. ಕೈ ಇಡಲಾಗದಷ್ಟು ಕಾಯಬೇಕು. ನೆರಳಿಗೆ ತಂದು, ಉಗುರು ಬೆಚ್ಚಗಾದಾಗ ತುಕ್ಕು ತಡೆಯುವ ಜಿಂಕ್ ಫಾಸ್ಫೇಟ್ ಎಪಾಕ್ಸಿ ಪ್ರೈಮರ್ ಬಳಿದೆ. ತೂತಿನ ಒಳಗೋಡೆಗೂ ಬಿಡಲಿಲ್ಲ. ಬಿಸಿಲಿಗೆ ಎಪಾಕ್ಸಿ ಸುಣ್ಣದ ಪುಡಿಯ ಹಾಗೆ ಉದುರುತ್ತದೆ, ಹಾಗಾಗಿ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣದ ಕೋಟ್. ಜೋಡಿಸುವಾಗ ಸಂದಿಗೆ ತುಂಬಿದ್ದು ಸಿಲಿಕೋನ್ ಸೀಲೆಂಟ್ ಅಲ್ಲ, ಅಷ್ಟು ಮಾತ್ರ ಹೇಳುತ್ತೇನೆ. ಆ ಮಿಶ್ರಣ ಕೂಡಿಸಲು ನನಗೆ ಎರಡು ವರ್ಷ ಹಿಡಿದಿದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಗ್ರಂದಿಗೆ ಅಂಗಡಿಯಿಂದ ಅಳಲೆಕಾಯಿ ತಂದು ಕುದಿಸಿ, ಆ ಕಷಾಯವನ್ನು ತುಕ್ಕು ಹಿಡಿದ ಕುಂಡದ ಸ್ಟ್ಯಾಂಡಿಗೆ ಹಚ್ಚಿದೆ. ಒಗರಿಗೆ ತುಕ್ಕು ಸೇರಿ ರಾತ್ರಿಯೊಳಗೆ ಮಸಿಯಂತೆ ಕಪ್ಪಾಯಿತು, ಎಷ್ಟು ಚೆಂದ! ನೆರಳಲ್ಲಿದ್ದ ಕಡೆ ಏಳೆಂಟು ತಿಂಗಳು ನಿಂತಿತು. ಮಳೆ ಹೊಡೆಯುವ ಕಡೆ ತೊಳೆದೇ ಹೋಯಿತು.

ಎಲ್ಲಾ ಸೇರಿ 32,000 ಆಗಿರಬೇಕು, ಲೇಥಿನ ಖರ್ಚೂ ಸೇರಿಸಿ. ಹೊಸ ಎಂಎಸ್ (ಮೈಲ್ಡ್ ಸ್ಟೀಲ್) ಮೆಟ್ಟಿಲಿಗೆ 85,000 ಕೇಳಿದ್ದರು. ಈಗ ವರ್ಷಕ್ಕೊಮ್ಮೆ, ಮೇ ಮಳೆಗೆ ಮುಂಚೆ, ಟಾರ್ಚ್ ಹಿಡಿದು ಅರ್ಧ ದಿನ ನೋಡಿ ಗೀರು ಬಿದ್ದಲ್ಲಿ ಟಚಪ್ ಮಾಡುತ್ತೇನೆ. ನಡುಗಂಬದ ಬುಡದಲ್ಲಿ ನೀರು ಇಳಿಯಲು ಒಂದು ತೂತು ಬಿಟ್ಟಿದ್ದೇನೆ. ಈ ಸಲ ಅಕ್ಟೋಬರ್‌ನಲ್ಲಿ ಅಲ್ಲಿಗೆ ಬಿಳಿ ಬಟ್ಟೆ ಒತ್ತಿ ನೋಡಿದೆ. ನಾಲ್ಕು ಹನಿ ಬಂತು. ಬಟ್ಟೆ ಬೆಳ್ಳಗೇ ಇತ್ತು.