ಸೊಟ್ಟ ಗೆರೆಯ ಲೆಕ್ಕ: ಇಮ್ಯಾಕ್ಸ್‌ಗೆ ಪ್ಯಾಕೇಜು ಹುಡುಕುವ ನನ್ನ ಅನುಭವ

"ಈ ಗೆರೆ ಯಾಕ್ಲಾ ಹಿಂಗ್ ಸೊಟ್ಟಗದೆ? ಯಾವ ದುಡ್ಡು ಯಾವುದರದ್ದು ಅಂತ ಗೊತ್ತೇ ಆಗಾಕಿಲ್ವಲ್ಲ" ಅಂದರು ಅಪ್ಪ, ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿ. ಅವರು ಹೇಳಿದ್ದು ಸರಿಯೇ ಇತ್ತು. ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ವಾರದ ದಿನ ನಾನು ಮೈಸೂರಿಗೆ ಹೋಗಿ ಕೋಡ್ ಬರೆಯುವ ಕೆಲಸ ಮಾಡುತ್ತೇನೆ, ಭಾನುವಾರ ಆಲೆಮನೆ ಲೆಕ್ಕ ಬರೆಯುತ್ತೇನೆ. ಎರಡಕ್ಕೂ ಇಮ್ಯಾಕ್ಸೇ, ಅಂದರೆ ಕೋಡು, ಬರಹ ಎಲ್ಲ ಟೈಪ್ ಮಾಡಿ ತಿದ್ದುವ ಟೆಕ್ಸ್ಟ್ ಎಡಿಟರ್. ಲೆಕ್ಕ ಇರುವುದು ಅದರೊಳಗೆ ಟಿಪ್ಪಣಿ, ಟೇಬಲ್ಲು ಬರೆಯಲು ಇರುವ ಆರ್ಗ್ ಮೋಡ್‌ನ ಟೇಬಲ್ಲಿನಲ್ಲಿ. ಕೂಲಿ, ಡೀಸೆಲ್, ಸುಣ್ಣ, ಕೊಪ್ಪರಿಗೆ ರಿಪೇರಿ, ಕಬ್ಬಿನ ಲೋಡು ಅಂತ ಒಂದು ಕಾಲಂ, ಪಕ್ಕದಲ್ಲಿ ದುಡ್ಡು. ಇಂಗ್ಲಿಷಿನಲ್ಲಿ ಬರೆದರೆ ಕಾಲಂ ಗೆರೆ ನೆಟ್ಟಗೆ ನಿಲ್ಲುತ್ತದೆ. ಕನ್ನಡದಲ್ಲಿ ಬರೆದರೆ ಒಂದೊಂದು ಸಾಲಿನ ಗೆರೆ ಒಂದೊಂದು ಕಡೆ.

ಕಾರಣ ಇಷ್ಟೇ. ಟೇಬಲ್ಲು ನೆಟ್ಟಗೆ ಕಾಣಬೇಕು ಅಂದರೆ ಎಲ್ಲ ಅಕ್ಷರವೂ ಒಂದೇ ಅಗಲ ಇರಬೇಕು. ಆರ್ಗ್ ಅಕ್ಷರ ಎಣಿಸಿ ಅದಕ್ಕೆ ತಕ್ಕ ಹಾಗೆ ಖಾಲಿ ಜಾಗ ತುಂಬುತ್ತದೆ. 'ಕೂಲಿ'ಯ 'ಲಿ'ಗೆ ಬೇಕಾದ ಜಾಗ ಬೇರೆ, 'ಕೊಪ್ಪರಿಗೆ'ಯ 'ಪ್ಪ'ಗೆ ಬೇಕಾದ ಜಾಗ ಬೇರೆ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಇರುವ ಲಿಪಿಯನ್ನು ಒಂದೇ ಅಗಲದ ಚೌಕಕ್ಕೆ ತುರುಕಲು ಆಗುವುದಿಲ್ಲ.

ಆ ಸಂಜೆ ನಾನು ಅದಕ್ಕೆ ಪ್ಯಾಕೇಜು (ಇಮ್ಯಾಕ್ಸ್‌ಗೆ ಹೊಸ ಸೌಲಭ್ಯ ಸೇರಿಸುವ ಪ್ರೋಗ್ರಾಂ) ಹುಡುಕಿದ ಬಗೆಯನ್ನು ಬರೆಯಬೇಕು ಅನಿಸಿತು. ಯಾಕೆಂದರೆ ಹಾಗೆ ಹುಡುಕುವುದನ್ನು ಕಲಿಯಲು ನನಗೆ ಕೆಲವು ವರ್ಷಗಳೇ ಹಿಡಿದವು. ಹೊಸದಾಗಿ ಇಮ್ಯಾಕ್ಸ್ ಹಿಡಿದವರು ಎಡವುವುದು ಇಲ್ಲೇ.

ಮೊದಲು ಹಳೆಯ ಕಥೆ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಇಮ್ಯಾಕ್ಸಿನಲ್ಲಿ ಕನ್ನಡ ಟೈಪ್ ಮಾಡಲು ಪ್ಯಾಕೇಜು ಬೇಕು ಅಂತ ಎರಡು ದಿನ ಹುಡುಕಿದೆ. ಪ್ಯಾಕೇಜುಗಳ ಪಟ್ಟಿಯಲ್ಲಿ 'ಕನ್ನಡ' ಅಂತ ಹುಡುಕಿದರೆ ಬೇಕಾದ್ದು ಸಿಗಲಿಲ್ಲ. ಹೊರಗೆ ಬೇರೆ ಟೂಲಿನಲ್ಲಿ ಟೈಪ್ ಮಾಡಿ ತಂದು ಅಂಟಿಸುತ್ತಿದ್ದೆ. ಆಮೇಲೆ ಒಂದು ದಿನ ರೈಲಿನಲ್ಲಿ, ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲಿ, ಸುಮ್ನೆ ಇಮ್ಯಾಕ್ಸ್ ಒಳಗಿನ ಮ್ಯಾನುಯಲ್ ತೆರೆದು ಕೂತೆ. ಪಾಂಡವಪುರದಲ್ಲಿ ಶುರು ಮಾಡಿದ್ದು, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಷ್ ಒತ್ತಿ, 'ಕನ್ನಡ-ಐಟ್ರಾನ್ಸ್' ಅಂತ ಕೊಟ್ಟರೆ ಸಾಕು, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸ ಬೇಕಾದವರಿಗೆ ಅದೂ ಇದೆ. ಯಾವ ಕೀಗೆ ಯಾವ ಅಕ್ಷರ ಅಂತ ನೋಡಲು ಕಂಟ್ರೋಲ್-ಎಚ್ ಒತ್ತಿ ದೊಡ್ಡ ಐ ಒತ್ತಿದರೆ ಇಡೀ ಪಟ್ಟಿ ಬರುತ್ತದೆ. ಎರಡು ದಿನ ನಾನು ಹೊರಗೆ ಹುಡುಕಿದ್ದು ಮೊದಲಿನಿಂದಲೂ ಒಳಗೇ ಇತ್ತು.

ಅವತ್ತಿನಿಂದ ನನ್ನ ಹುಡುಕಾಟ ಯಾವಾಗಲೂ ಒಳಗಿನಿಂದ ಶುರು. ಕಂಟ್ರೋಲ್-ಎಚ್ ಒತ್ತಿ ಎ ಒತ್ತಿದರೆ ಕಮಾಂಡುಗಳ ಹೆಸರಿನಲ್ಲಿ ಹುಡುಕಬಹುದು. ಡಿ ಒತ್ತಿದರೆ ವಿವರಣೆಯ ಒಳಗೂ ಹುಡುಕುತ್ತದೆ, ಹೆಸರು ಗೊತ್ತಿಲ್ಲದಾಗ ಇದೇ ಜಾಸ್ತಿ ಉಪಯೋಗ. ಸಣ್ಣ ಪಿ ಒತ್ತಿದರೆ ವಿಷಯವಾರು ಪಟ್ಟಿ. ಐ ಒತ್ತಿದರೆ ಇನ್ಫೋ ಮ್ಯಾನುಯಲ್‌ಗಳು, ಒಂದು ಮ್ಯಾನುಯಲ್ ತೆರೆದ ಮೇಲೆ ಮತ್ತೆ ಐ ಒತ್ತಿದರೆ ಅದರ ಇಂಡೆಕ್ಸಿನಲ್ಲಿ ಹುಡುಕಬಹುದು. ಇದಕ್ಕೆಲ್ಲ ಇಂಟರ್ನೆಟ್ಟೇ ಬೇಡ. ಆಲೆಮನೆಯಂಥ ಜಾಗದಲ್ಲಿ ಕೂತವನಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ನಿಮಗೂ ಗೊತ್ತಿರುತ್ತದೆ.

ಇನ್ನೊಂದು, ಒಳಗಿರುವ ಸಾಮಾನು ವರ್ಷ ವರ್ಷ ಬೆಳೆಯುತ್ತಲೇ ಇದೆ. 2023ರಲ್ಲಿ ಬಂದ 29ನೇ ಆವೃತ್ತಿಯಲ್ಲಿ ಯೂಸ್-ಪ್ಯಾಕೇಜ್ (ಪ್ಯಾಕೇಜುಗಳ ಸೆಟ್ಟಿಂಗ್ಸ್ ಅಚ್ಚುಕಟ್ಟಾಗಿ ಬರೆಯಲು) ಮತ್ತು ಎಗ್ಲಾಟ್ (ಕೋಡ್ ಬರೆಯುವಾಗ ತಪ್ಪು ತೋರಿಸಿ ನೆರವಾಗಲು) ಒಳಗೇ ಸೇರಿದವು. 2025ರ 30ನೇ ಆವೃತ್ತಿಯಲ್ಲಿ ವಿಚ್-ಕೀ ಸೇರಿತು, ಅಂದರೆ ಒಂದು ಕೀ ಒತ್ತಿ ನಿಂತರೆ ಮುಂದೆ ಏನೇನು ಒತ್ತಬಹುದು ಅಂತ ಕೆಳಗೆ ತೋರಿಸುವ ಪ್ಯಾಕೇಜು. ಇವನ್ನೆಲ್ಲ ನಾನು ಮೊದಲು ಹೊರಗಿನಿಂದ ಹಾಕಿಕೊಂಡಿದ್ದೆ. ಹಾಗಾಗಿ ಹಳೆಯ ಸಲಹೆ ಓದಿ 'ಇದನ್ನು ಇನ್‌ಸ್ಟಾಲ್ ಮಾಡಿ' ಅಂತ ಇದ್ದರೆ, ನಿಮ್ಮ ಆವೃತ್ತಿಯಲ್ಲಿ ಅದು ಆಗಲೇ ಇದೆಯಾ ನೋಡಿ. ಪ್ಯಾಕೇಜು ಪಟ್ಟಿಯಲ್ಲೇ ಅದರ ಮುಂದೆ 'ಬಿಲ್ಟ್-ಇನ್' ಅಂತ ಬರೆದಿರುತ್ತದೆ.

ಈಗ ಟೇಬಲ್ಲಿಗೆ ಬರೋಣ. ಒಳಗೆ ಹುಡುಕಿದೆ. ಆರ್ಗ್ ಮ್ಯಾನುಯಲ್‌ನಲ್ಲಿ ಟೇಬಲ್ ಅಧ್ಯಾಯ ಪೂರ್ತಿ ಓದಿದೆ. ಕಾಲಂ ಮೊತ್ತ ಹಾಕುವ ಸೂತ್ರ ಎಲ್ಲ ಅಲ್ಲೇ ಇದೆ, ಆದರೆ ಸೊಟ್ಟ ಗೆರೆಗೆ ಮದ್ದು ಇರಲಿಲ್ಲ. ಫಾಂಟ್ ಬದಲಿಸಿದೆ, ಪ್ರಯೋಜನ ಆಗಲಿಲ್ಲ. 2020ರ 27ನೇ ಆವೃತ್ತಿಯಿಂದ ಇಮ್ಯಾಕ್ಸ್ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಬಳಸುತ್ತದೆ, ಒತ್ತಕ್ಷರ ಚೆನ್ನಾಗಿಯೇ ಮೂಡುತ್ತವೆ. ತೊಂದರೆ ಅಕ್ಷರದ್ದಲ್ಲ, ಅಗಲದ್ದು.

ಆಗ ಫೋನಿನ ಹಾಟ್‌ಸ್ಪಾಟ್ ಹಾಕಿ ಲಿಸ್ಟ್-ಪ್ಯಾಕೇಜಸ್ ಕಮಾಂಡ್ ಕೊಟ್ಟೆ. ಇಲ್ಲಿ ಹೆಚ್ಚಿನವರು ಸಾವಿರಾರು ಸಾಲಿನ ಪಟ್ಟಿ ನೋಡಿ ಕೈಬಿಡುತ್ತಾರೆ. ಪಟ್ಟಿಯನ್ನು ಸೋಸಬಹುದು. ಸ್ಲ್ಯಾಷ್ ಒತ್ತಿ ಎನ್ ಒತ್ತಿದರೆ ಹೆಸರಿನ ಮೇಲೆ, ಸ್ಲ್ಯಾಷ್ ಒತ್ತಿ ಡಿ ಒತ್ತಿದರೆ ವಿವರಣೆಯ ಮೇಲೆ. ಎರಡು ಸಲ ಸ್ಲ್ಯಾಷ್ ಒತ್ತಿದರೆ ಸೋಸಿದ್ದು ಹೋಗಿ ಪೂರ್ತಿ ಪಟ್ಟಿ ವಾಪಸ್. ನಾನು ಹೆಸರಿನ ಮೇಲೆ ಹುಡುಕುವುದೇ ಕಡಿಮೆ, ಯಾಕೆಂದರೆ ಬರೆದವರು ಏನು ಹೆಸರಿಟ್ಟಿರುತ್ತಾರೋ ನಮಗೇನು ಗೊತ್ತು. ವಿವರಣೆಯಲ್ಲಿ 'ಟೇಬಲ್' ಅಂತ ಹುಡುಕಿದೆ. ಅಲ್ಲಿ ವ್ಯಾಲೈನ್ ಅನ್ನುವ ಹೆಸರು ಕಾಣಿಸಿತು. ಟೇಬಲ್ಲುಗಳನ್ನು ಕಣ್ಣಿಗೆ ನೆಟ್ಟಗೆ ಕಾಣಿಸುವಂತೆ ಹೊಂದಿಸುವ ಪ್ಯಾಕೇಜು ಅಂತ ಒಂದು ಸಾಲು.

ತಕ್ಷಣ ಇನ್‌ಸ್ಟಾಲ್ ಮಾಡಲಿಲ್ಲ. ಆ ಸಾಲಿನ ಮೇಲೆ ಎಂಟರ್ ಒತ್ತಿ ವಿವರ ಓದಿದೆ. ನಾನು ನೋಡುವುದು ಮೂರ್ನಾಲ್ಕು ವಿಷಯ. ಎಲ್ಲಿಂದ ಬರುತ್ತಿದೆ, ಬೇರೆ ಯಾವ ಪ್ಯಾಕೇಜನ್ನು ಜೊತೆಗೆ ಎಳೆದುಕೊಂಡು ಬರುತ್ತದೆ, ಹೊರಗಿನ ಪ್ರೋಗ್ರಾಂ ಏನಾದರೂ ಬೇಕಾ, ಬರೆದವರು ತಮ್ಮ ಮಾತಿನಲ್ಲಿ ಏನು ಹೇಳಿದ್ದಾರೆ. ವ್ಯಾಲೈನ್ ಬರುವುದು ಗ್ನೂ ಎಲ್ಪಾದಿಂದ, ಅಂದರೆ ಇಮ್ಯಾಕ್ಸಿನ ಅಧಿಕೃತ ಪ್ಯಾಕೇಜು ಭಂಡಾರದಿಂದ. ಅದು ಫೈಲಿನಲ್ಲಿರುವ ಅಕ್ಷರಗಳನ್ನು ಮುಟ್ಟುವುದಿಲ್ಲ, ಪರದೆಯ ಮೇಲೆ ಪಿಕ್ಸೆಲ್ ಅಳೆದು ತೋರಿಸುವ ರೀತಿಯನ್ನು ಮಾತ್ರ ಬದಲಿಸುತ್ತದೆ. ಲೆಕ್ಕದ ಫೈಲು ಕೆಡುವುದಿಲ್ಲ ಅಂತ ಗೊತ್ತಾದ ಮೇಲೆ ಐ ಒತ್ತಿ ಗುರುತು ಹಾಕಿದೆ, ಎಕ್ಸ್ ಒತ್ತಿದೆ.

ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ನಾನು ಇಷ್ಟು ತೂಕ ಕೊಡುವುದಕ್ಕೆ ಕಾರಣ ಇದೆ. ಇಮ್ಯಾಕ್ಸ್ ಪ್ಯಾಕೇಜಿಗೆ ಬೇಲಿ ಇಲ್ಲ. ಹಾಕಿಕೊಂಡರೆ ಅದು ನಿಮ್ಮ ಹೆಸರಿನಲ್ಲೇ ಓಡುತ್ತದೆ, ನೀವು ಅಳಿಸಬಹುದಾದ ಎಲ್ಲ ಫೈಲನ್ನೂ ಅದು ಅಳಿಸಬಹುದು. ಗ್ನೂ ಎಲ್ಪಾದಲ್ಲಿ ಪ್ಯಾಕೇಜು ಸೇರಬೇಕಾದರೆ ಬರೆದವರು ಕಾಪಿರೈಟನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡಬೇಕು. ನಾನ್‌ಗ್ನೂ ಎಲ್ಪಾ ಅನ್ನುವ ಇನ್ನೊಂದು ಭಂಡಾರಕ್ಕೆ ಅದು ಬೇಡ, 2022ರ 28ನೇ ಆವೃತ್ತಿಯಿಂದ ಅದೂ ತಾನಾಗಿಯೇ ಪಟ್ಟಿಯಲ್ಲಿ ಬರುತ್ತದೆ. ಎಲ್ಲಕ್ಕಿಂತ ದೊಡ್ಡದು ಮೆಲ್ಪಾ, ಸಾವಿರಾರು ಪ್ಯಾಕೇಜು, ಆದರೆ ಅದನ್ನು ನಾವೇ ಸೆಟ್ಟಿಂಗ್ಸ್ ಫೈಲಿನಲ್ಲಿ ಸೇರಿಸಿಕೊಳ್ಳಬೇಕು. ಮೆಲ್ಪಾಗೆ ಹೊಸ ಪ್ಯಾಕೇಜು ಬಂದಾಗ ಅಲ್ಲಿನವರು ಓದಿ ನೋಡುತ್ತಾರೆ. ಆಮೇಲೆ ಬರೆದವರು ತಮ್ಮ ಕೋಡು ಇಟ್ಟಿರುವ ಗಿಟ್‌ನಲ್ಲಿ ಏನೇ ಬದಲಿಸಿದರೂ ಅದು ತಾನಾಗಿಯೇ ಹೊಸ ಆವೃತ್ತಿಯಾಗಿ ಬಂದುಬಿಡುತ್ತದೆ. ಮೆಲ್ಪಾ ಬೇಡ ಅಂತ ನಾನು ಹೇಳುತ್ತಿಲ್ಲ, ನನ್ನ ಹತ್ತಿರವೇ ಅಲ್ಲಿಯ ಏಳೆಂಟು ಪ್ಯಾಕೇಜು ಇವೆ. ಹಾಕುವ ಮುಂಚೆ ಒಂದು ಹತ್ತು ನಿಮಿಷ ಕೋಡ್ ಓದಿ ಅಂತ ಮಾತ್ರ.

ಮೆಲ್ಪಾದಲ್ಲಿ ಒಂದು ಅನುಕೂಲ ಇದೆ. ಅಲ್ಲಿಯ ಆವೃತ್ತಿ ಸಂಖ್ಯೆಯೇ ತಾರೀಖು. 20240115 ಅಂತ ಶುರುವಾದರೆ 2024ರ ಜನವರಿ 15ರ ಕೋಡು. ಹಳೆಯ ತಾರೀಖು ಕಂಡರೆ ಮೊದಲೆಲ್ಲ ಬಿಟ್ಟುಬಿಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಕೆಲವು ಸಣ್ಣ ಪ್ಯಾಕೇಜುಗಳ ಕೆಲಸ ಮುಗಿದಿರುತ್ತದೆ, ಮುಟ್ಟುವುದಕ್ಕೆ ಏನೂ ಉಳಿದಿರುವುದಿಲ್ಲ. ಹಳೆಯದಾಗಿದ್ದು, ದೂರುಗಳಿಗೆ ಯಾರೂ ಉತ್ತರ ಕೊಡದೆ ಬಿದ್ದಿದ್ದರೆ ಮಾತ್ರ ಬೇಡ.

ಡೌನ್‌ಲೋಡ್ ಎಷ್ಟು ಅಂತ ನೋಡುವುದಕ್ಕಿಂತ ಬರೆದವರು ಯಾರು ಅಂತ ನೋಡುವುದು ನನಗೆ ಜಾಸ್ತಿ ಕೈಹಿಡಿದಿದೆ. ಜಾನ್ ವೀಗ್ಲಿ ಅವರ ಯೂಸ್-ಪ್ಯಾಕೇಜ್ ಬಳಸುತ್ತಿದ್ದೆ, ಲೆಕ್ಕ ಬರೆಯುವ ಲೆಡ್ಜರ್ ಪ್ರೋಗ್ರಾಂ ಕೂಡ ಅವರದ್ದೇ ಅಂತ ಹಾಗೆ ತಿಳಿಯಿತು. ಡೇನಿಯಲ್ ಮೆಂಡ್ಲರ್ ಅವರ ವರ್ಟಿಕೊ (ಕಮಾಂಡು ಕೊಡುವಾಗ ಆಯ್ಕೆಗಳನ್ನು ಪಟ್ಟಿಯಾಗಿ ತೋರಿಸುವ ಪ್ಯಾಕೇಜು) ಇಷ್ಟವಾಗಿ ಅವರದ್ದೇ ಕನ್ಸಲ್ಟ್, ಕಾರ್ಫು ನೋಡಿದೆ, ಮೂರೂ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತವೆ. ಒಬ್ಬರ ಕೋಡು ಒಮ್ಮೆ ಓದಿ ನಂಬಿಕೆ ಬಂದರೆ ಅವರ ಮಿಕ್ಕ ಪ್ಯಾಕೇಜುಗಳನ್ನೂ ನೋಡಿ. ಹೊಸದು ಏನು ಬಂತು ಅಂತ ತಿಳಿಯಲು ನಾನು ಓದುವುದು ಸಾಶಾ ಚುವಾ ಅವರ ಇಮ್ಯಾಕ್ಸ್ ನ್ಯೂಸ್, ವಾರಕ್ಕೊಂದು ಬರುತ್ತದೆ. ಅದರಲ್ಲಿ ಕಂಡದ್ದನ್ನೆಲ್ಲ ಹಾಕಿಕೊಳ್ಳುವುದಿಲ್ಲ. ಹೆಸರು ಕಿವಿಗೆ ಬಿದ್ದಿದ್ದರೆ ಬೇಕಾದಾಗ ನೆನಪಾಗುತ್ತದೆ ಅಷ್ಟೇ.

ಎರಡು ಪೆಟ್ಟು ತಿಂದ ಅನುಭವವನ್ನೂ ಹೇಳಬೇಕು. ಒಂದು ಸಣ್ಣದು. ಪ್ಯಾಕೇಜು ಇನ್‌ಸ್ಟಾಲ್ ಮಾಡಲು ಹೋದರೆ 404, ಫೈಲ್ ಸಿಗಲಿಲ್ಲ ಅಂತ ಬರುತ್ತಿತ್ತು. ನಮ್ಮ ಹಳ್ಳಿ ನೆಟ್‌ವರ್ಕಿನ ತೊಂದರೆ ಅಂದುಕೊಂಡು ಲ್ಯಾಪ್‌ಟಾಪ್ ಹಿಡಿದು ರಸ್ತೆವರೆಗೂ ನಡೆದಿದ್ದೇನೆ. ವಿಷಯ ಏನೆಂದರೆ ನನ್ನ ಹತ್ತಿರ ಇದ್ದ ಪಟ್ಟಿ ಹಳೆಯದು, ಅದರಲ್ಲಿದ್ದ ಆವೃತ್ತಿ ಸರ್ವರಿನಲ್ಲಿ ಆಗಲೇ ಬದಲಾಗಿತ್ತು. ಪ್ಯಾಕೇಜ್-ರಿಫ್ರೆಶ್-ಕಂಟೆಂಟ್ಸ್ ಕೊಟ್ಟರೆ ಸರಿಹೋಗುತ್ತದೆ.

ಇನ್ನೊಂದು ದೊಡ್ಡದು. ಆಳುಗಳಿಗೆ ಬಟವಾಡೆ ಮಾಡುವ ಭಾನುವಾರ, ಬೆಳಗ್ಗೆ ಎದ್ದು ಎಲ್ಲ ಪ್ಯಾಕೇಜನ್ನೂ ಒಟ್ಟಿಗೆ ಅಪ್‌ಗ್ರೇಡ್ ಮಾಡಿದೆ. ಒಂದು ಪ್ಯಾಕೇಜಿನಲ್ಲಿ ಏನೋ ಬದಲಾಗಿತ್ತು. ಸೆಟ್ಟಿಂಗ್ಸ್ ಫೈಲು ಓದುವಾಗ ಅಲ್ಲೇ ಎರರ್ ಬಂದು ನಿಂತಿತು, ಅದರ ಕೆಳಗೆ ಬರೆದಿದ್ದ ಒಂದೂ ಸೆಟ್ಟಿಂಗ್ ಬರಲಿಲ್ಲ. ಕನ್ನಡ ಫಾಂಟ್ ಇಲ್ಲ, ಟೇಬಲ್ಲಿನ ಹೊಂದಿಕೆ ಇಲ್ಲ, ಹೊರಗೆ ಒಂಬತ್ತು ಜನ ಕಾಯುತ್ತಿದ್ದಾರೆ. ಅವತ್ತು ಕೊನೆಗೆ ಪುಸ್ತಕದಲ್ಲಿ ಬರೆದು ದುಡ್ಡು ಕೊಟ್ಟೆವು. ರಾತ್ರಿ ಡೀಬಗ್-ಇನಿಟ್ ಆಯ್ಕೆ ಕೊಟ್ಟು ಇಮ್ಯಾಕ್ಸ್ ತೆರೆದಾಗ ತಪ್ಪು ಯಾವ ಸಾಲಿನದು ಅಂತ ಸಿಕ್ಕಿತು. ಈಗ ಅಪ್‌ಗ್ರೇಡ್ ಮಾಡುವ ಮುಂಚೆ ಪ್ಯಾಕೇಜುಗಳೆಲ್ಲ ಇರುವ ಎಲ್ಪಾ ಫೋಲ್ಡರಿನ ಒಂದು ಕಾಪಿ ಇಟ್ಟುಕೊಳ್ಳುತ್ತೇನೆ. ಕೆಟ್ಟರೆ ಹಳೆಯ ಫೋಲ್ಡರನ್ನು ವಾಪಸ್ ಹಾಕುವುದು ಎರಡು ನಿಮಿಷದ ಕೆಲಸ. ಹೊಸ ಪ್ಯಾಕೇಜನ್ನು ಪರೀಕ್ಷೆ ಮಾಡಲು ಬೇರೆಯೇ ಫೋಲ್ಡರ್ ಇದೆ. 29ನೇ ಆವೃತ್ತಿಯಿಂದ ಇನಿಟ್-ಡೈರೆಕ್ಟರಿ ಅಂತ ಒಂದು ಆಯ್ಕೆ ಬಂದಿದೆ, ಇಮ್ಯಾಕ್ಸನ್ನು ಆ ಫೋಲ್ಡರಿನ ಸೆಟ್ಟಿಂಗ್ಸ್ ಇಟ್ಟುಕೊಂಡು ತೆರೆಯಬಹುದು, ದಿನದ ಕೆಲಸದ ಸೆಟ್ಟಿಂಗ್ಸ್‌ಗೆ ಏನೂ ಆಗುವುದಿಲ್ಲ. ವ್ಯಾಲೈನ್ ಕೂಡ ಒಂದು ವಾರ ಅಲ್ಲೇ ಇತ್ತು.

ಆ ವಾರದಲ್ಲೇ ಅದರ ಮಿತಿಯೂ ಗೊತ್ತಾಯಿತು. ಸಣ್ಣ ಟೇಬಲ್ಲುಗಳೆಲ್ಲ ನೆಟ್ಟಗೆ ನಿಂತವು, ಇಡೀ ಸೀಸನ್ನಿನ ದೊಡ್ಡ ಟೇಬಲ್ಲು ಮಾತ್ರ ಹಾಗೇ ಸೊಟ್ಟಗೆ. ಕೆಟ್ಟಿದೆ ಅಂದುಕೊಂಡು ತೆಗೆದುಹಾಕುವ ಮುಂಚೆ ಕಂಟ್ರೋಲ್-ಎಚ್ ಒತ್ತಿ ವಿ ಒತ್ತಿ, ವ್ಯಾಲೈನ್ ಅಂತ ಶುರುವಾಗುವ ಸೆಟ್ಟಿಂಗುಗಳನ್ನು ಒಂದೊಂದಾಗಿ ನೋಡಿದೆ. ತುಂಬಾ ದೊಡ್ಡ ಟೇಬಲ್ಲನ್ನು ಅದು ಬೇಕೆಂದೇ ಮುಟ್ಟುವುದಿಲ್ಲ, ಪ್ರತಿ ಸಾಲಿನ ಪಿಕ್ಸೆಲ್ ಅಳೆಯುತ್ತಾ ಕೂತರೆ ಟೈಪಿಂಗ್ ನಿಧಾನ ಆಗುತ್ತದಲ್ಲ. ಮಿತಿಯನ್ನು ಏರಿಸಲೂಬಹುದು. ನಾನು ಏರಿಸಲಿಲ್ಲ. ವಾರಕ್ಕೊಂದು ಟೇಬಲ್ಲು ಮಾಡಿದೆ, ಮೇಲೊಂದು ಒಟ್ಟು ಮೊತ್ತದ ಟೇಬಲ್ಲು. ಹೇಗಿದ್ದರೂ ಬಟವಾಡೆ ವಾರಕ್ಕೊಂದು ಸಲ ತಾನೆ.

ಮುಂದಿನ ಭಾನುವಾರ ಲ್ಯಾಪ್‌ಟಾಪನ್ನು ಗಾಣದ ಶೆಡ್ಡಿನ ಮೇಜಿನ ಮೇಲೆ ಇಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು, ಬೆರಳನ್ನು ಗೆರೆಯ ಪಕ್ಕದಲ್ಲೇ ಮೇಲಿನಿಂದ ಕೆಳಗೆ ಜಾರಿಸುತ್ತಾ ಒಂದೊಂದೇ ಓದಿದರು. ಡೀಸೆಲ್ ಹತ್ತಿರ ನಿಂತರು. "ಇದು ಎಲ್ಡು ಸಲ ಬರ್ದಿದೀಯ ನೋಡು" ಅಂದರು. ನೋಡಿದೆ, ಬರೆದಿದ್ದೆ. ಒಂದು ಸಾಲು ಅಳಿಸಿ ಮೊತ್ತ ಮತ್ತೆ ಹಾಕಿದೆ.