ಆಮಂತ್ರಣ ಪತ್ರಿಕೆಯ ಕರಡು ತಿದ್ದುವವರಿಗೆ

ಮದುವೆಯ ಆಮಂತ್ರಣ ಪತ್ರಿಕೆಯ ಕರಡು ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ, ಹೆಸರು, ದಿನಾಂಕ, ಮುಹೂರ್ತಗಳನ್ನಷ್ಟೇ ನೋಡಿ ಒಪ್ಪಿಗೆ ಕೊಡದೆ, ಕೊನೆಯ ಪದದಿಂದ ಹಿಂದಕ್ಕೆ ಒಂದೊಂದೇ ಪದವಾಗಿ ಓದಿ. ಅರ್ಥದ ಓಟ ತಪ್ಪಿದಾಗಲೇ ಕಣ್ಣು ಅಕ್ಷರದ ಮೇಲೆ ನಿಲ್ಲುತ್ತದೆ. ಹೆಚ್ಚಿನವರು ಎಡವುವುದು ಅರ್ಕಾವತ್ತಿನಲ್ಲಿ: ‘ಆಶೀರ್ವಾದ’ದಲ್ಲಿ ರಕಾರವನ್ನು ‘ವಾ’ ಅಕ್ಷರಕ್ಕಿಂತ ಮೊದಲು ಉಚ್ಚರಿಸಿದರೂ ಅದರ ಗುರುತನ್ನು ‘ವಾ’ ಆದ ಮೇಲೆ ಬರೆಯುವುದರಿಂದ, ಅವಸರದಲ್ಲಿ ಅದು ‘ಆರ್ಶೀವಾದ’ವಾಗಿಬಿಡುತ್ತದೆ. ‘ಶುಭಾಶಯ’ವು ಶುಭ ಮತ್ತು ಆಶಯ ಸೇರಿ ಆದ ಪದವೆಂದು ನೆನಪಿಟ್ಟರೆ ಅಲ್ಲಿ ‘ಷ’ ನುಸುಳದು. ಹಕಾರವನ್ನಂತೂ ಎರಡು ಬಾರಿ ನೋಡಿ. ನಮ್ಮ ಬಂಧುಗಳೊಬ್ಬರ ಪತ್ರಿಕೆಯಲ್ಲಿ ‘ಆದರದ ಸ್ವಾಗತ’ಕ್ಕೆ ಒಂದು ‘ಹ’ ಅಂಟಿಕೊಂಡು ಆದ ಅನರ್ಥವನ್ನು ಇಲ್ಲಿ ಬರೆಯಲಾರೆ. ಪತ್ರಿಕೆ ಹಂಚಿದ ಮೇಲೆ ತಪ್ಪು ಕಂಡರೆ ಮಾತ್ರ ಸುಮ್ಮನಿರಿ. ನಾನು ಹೇಳಿ ನಿಷ್ಠುರನಾಗಿದ್ದೇನೆ.