ಹಳೆ ಸ್ಪೆಕ್ಟ್ರಮ್ ಸಿಕ್ಕಿತೇ? ಪ್ಲಗ್ ಹಾಕುವ ಮೊದಲು ಇಷ್ಟು ಮಾಡಿ

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆ ಕಂಪ್ಯೂಟರ್ ಸಿಕ್ಕಿದರೆ ಎಲ್ಲರಿಗೂ ಮೊದಲು ಅನ್ನಿಸುವುದು ಒಂದೇ: ಪ್ಲಗ್ ಹಾಕಿ ನೋಡೋಣ, ನಡೆಯುತ್ತಾ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ನಲವತ್ತು ವರ್ಷ ಸುಮ್ನೆ ಕೂತಿದ್ದ ಯಂತ್ರ ಇನ್ನೊಂದು ವಾರ ಕಾಯುತ್ತದೆ. ಆದರೆ ಆತುರದ ಒಂದೇ ನಿಮಿಷದಲ್ಲಿ ಅದರ ಮೆಮೊರಿ ಚಿಪ್‌ಗಳು ಸುಟ್ಟುಹೋಗಬಹುದು.

ನಾನಿಲ್ಲಿ ಹೇಳುವುದು ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಬಗ್ಗೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದ ಸಿಂಕ್ಲೇರ್ ರಿಸರ್ಚ್ 1982ರ ಏಪ್ರಿಲ್‌ನಲ್ಲಿ ಹೊರತಂದ 8 ಬಿಟ್ ಮನೆ ಕಂಪ್ಯೂಟರ್ ಇದು. ಆಗ ಬೆಲೆ 175 ಪೌಂಡ್. ಕಪ್ಪು ಡಬ್ಬಿ, 40 ರಬ್ಬರ್ ಕೀಗಳು, ಮೂಲೆಯಲ್ಲಿ ನಾಲ್ಕು ಬಣ್ಣದ ಓರೆ ಪಟ್ಟಿ. ಒಳಗೆ 3.5 ಮೆಗಾಹರ್ಟ್ಸ್ ವೇಗದ ಝಡ್80ಎ ಪ್ರೊಸೆಸರ್.

ಹಳೆ ಕಂಪ್ಯೂಟರ್ ಸರಿಪಡಿಸಿ ಇಟ್ಟುಕೊಳ್ಳುವ ಈ ಹವ್ಯಾಸಕ್ಕೆ ಹೊಸಬರಾದರೆ ಇದರಿಂದಲೇ ಶುರು ಮಾಡಿ. ಒಳಗಿರುವ ಭಾಗಗಳು ಕಡಿಮೆ, ಒಂದೇ ಬೋರ್ಡ್, ಬಿಡಿಭಾಗ ಈಗಲೂ ಸಿಗುತ್ತವೆ. ಇನ್ನೊಂದು ಅನುಕೂಲವೂ ಇದೆ. ಬ್ರಿಟನ್ನಿನಂತೆ ನಮ್ಮಲ್ಲೂ ಟಿವಿ ಪ್ಯಾಲ್ ಪದ್ಧತಿಯದು, ಕರೆಂಟ್ 50 ಹರ್ಟ್ಸ್. ಅಮೆರಿಕದ ಯಂತ್ರ ತರಿಸಿದರೆ 120 ವೋಲ್ಟ್, ಎನ್‌ಟಿಎಸ್‌ಸಿ ಎಂಬ ಬೇರೆ ಟಿವಿ ಪದ್ಧತಿ ಅಂತ ಎರಡು ತಲೆನೋವು ಜಾಸ್ತಿ. ನಮ್ಮ ದೇಶದಲ್ಲೇ ಹುಡುಕುವವರು 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಹೆಸರು ನೆನಪಿಡಿ. 1980ರ ದಶಕದಲ್ಲಿ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಲೈಸೆನ್ಸ್ ಪಡೆದು ಮಾರಿದ್ದು ಅದು. ಶಾಲೆಗಳ ಹಳೆ ಸಾಮಾನಿನಲ್ಲಿ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರ್ ಕೂಡ ಸಿಗಬಹುದು. 1984ರಲ್ಲಿ ಶುರುವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 'ಕ್ಲಾಸ್' ಯೋಜನೆಯಲ್ಲಿ ಭಾರತದ ಶಾಲೆಗಳಿಗೆ ಬಂದದ್ದು ಅದೇ. ಆದರೆ ಅದರ ಪವರ್ ಸಪ್ಲೈ ಡಬ್ಬಿಯೊಳಗೇ ಇರುತ್ತದೆ, 230 ವೋಲ್ಟ್ ನೇರವಾಗಿ ಬರುತ್ತದೆ. ಅಲ್ಲಿನ ಫಿಲ್ಟರ್ ಕೆಪಾಸಿಟರ್‌ಗಳು ಹಳತಾಗಿ ಬಿರುಕು ಬಿಟ್ಟು ಹೊಗೆ ಕಾರುತ್ತವೆ. ಅದನ್ನು ಬಲ್ಲವರ ಕೈಗೇ ಕೊಡಿ.

ಮೊದಲು ಅಡಾಪ್ಟರ್

ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ, 1.4 ಆಂಪ್. ಇಲ್ಲಿ ಒಂದು ವಿಷಯ ಬಹಳ ಮುಖ್ಯ. ಅದರ ಪಿನ್ನಿನ ಒಳಗಿನ ತೂತು ಮೈನಸ್, ಹೊರಗಿನ ಸುತ್ತು ಪ್ಲಸ್. ಈಗ ಮನೆಯಲ್ಲಿರುವ ಹೆಚ್ಚಿನ ಅಡಾಪ್ಟರ್‌ಗಳು ಇದಕ್ಕೆ ಸರಿಯಾಗಿ ಉಲ್ಟಾ. ರೂಟರ್‌ನ ಅಡಾಪ್ಟರ್ ಅಳತೆಗೆ ಹೊಂದುತ್ತದೆ ಅಂತ ಚುಚ್ಚಬೇಡಿ. ಮಲ್ಟಿಮೀಟರ್ ಹಿಡಿದು ನೋಡಿಯೇ ಹಾಕಿ.

ಯಂತ್ರದ ಜೊತೆ ಬಂದ ಹಳೆ ಅಡಾಪ್ಟರ್ ಇದ್ದರೂ ಬಳಸದಿರುವುದು ಒಳ್ಳೆಯದು. ಅದನ್ನು ಜೋಪಾನವಾಗಿ ಎತ್ತಿಡಿ, ಸಂಗ್ರಹಕ್ಕೆ ಅದೂ ಬೇಕು. ಕೆಲಸಕ್ಕೆ ಹೊಸ ರೆಗ್ಯುಲೇಟೆಡ್ ಅಡಾಪ್ಟರ್ ತನ್ನಿ.

ಬಿಚ್ಚುವುದು

ಅಡಿಯಲ್ಲಿ ಐದು ಸ್ಕ್ರೂ. ತೆಗೆದ ಮೇಲೆ ಮುಚ್ಚಳವನ್ನು ಒಮ್ಮೆಗೇ ಎಳೆಯಬೇಡಿ. ಕೀಬೋರ್ಡಿನಿಂದ ಬೋರ್ಡಿಗೆ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಹೋಗಿರುತ್ತವೆ. ಇಷ್ಟು ವರ್ಷದಲ್ಲಿ ಅವು ಒಣಗಿದ ಹಪ್ಪಳದಂತೆ ಆಗಿರುತ್ತವೆ. ಪಟ್ಟಿಯನ್ನು ಬುಡದ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಮುರಿದರೂ ಗಾಬರಿ ಬೇಡ, ಹೊಸ ಮೆಂಬ್ರೇನ್ (ಈ ಪಟ್ಟಿಗಳಿರುವ, ಕೀಗಳ ಕೆಳಗಿನ ತೆಳು ಹಾಳೆ) ತಯಾರಿಸಿ ಮಾರುವವರಿದ್ದಾರೆ. ಬದಲಿಸುವಾಗ ಕೀಗಳ ಮೇಲಿನ ಲೋಹದ ತಗಡನ್ನು ಎಬ್ಬಿಸಬೇಕು. ಅದನ್ನು ಅಂಟಿನಿಂದ ಕೂರಿಸಿರುತ್ತಾರೆ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ನಿಧಾನಕ್ಕೆ ಎಬ್ಬಿಸಿ. ಒಮ್ಮೆ ಬಾಗಿದರೆ ಆ ಗುರುತು ಹೋಗುವುದಿಲ್ಲ.

ಬೋರ್ಡಿನ ಫೋಟೊವನ್ನು ಎಲ್ಲ ಕಡೆಯಿಂದ ತೆಗೆದುಕೊಳ್ಳಿ. ಆಮೇಲೆ ಮೆತ್ತನೆ ಬ್ರಷ್‌ನಿಂದ ದೂಳು ಹೊಡೆದು, ಹಿಂಬದಿಯ ಎಡ್ಜ್ ಕನೆಕ್ಟರ್ (ಹೊರಗಿನ ಸಾಧನ ಸಿಕ್ಕಿಸುವ ಬೋರ್ಡಿನ ಅಂಚು) ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ.

ನಾಲ್ಕು ಕಾಲುಗಳ ಪರೀಕ್ಷೆ

ಇಡೀ ಕೆಲಸದಲ್ಲಿ ನಿಧಾನ ಬೇಕಾದದ್ದು ಇಲ್ಲಿ. ಸ್ಪೆಕ್ಟ್ರಮ್‌ನ ಕೆಳಗಿನ 16ಕೆ ಮೆಮೊರಿ 4116 ಎಂಬ ಎಂಟು ಚಿಪ್‌ಗಳಲ್ಲಿದೆ. ಅವಕ್ಕೆ ಒಂದಲ್ಲ, ಮೂರು ವೋಲ್ಟೇಜ್ ಬೇಕು: ಪ್ಲಸ್ 5, ಪ್ಲಸ್ 12, ಮೈನಸ್ 5. ಪ್ಲಸ್ 12 ಇದ್ದು ಮೈನಸ್ 5 ಇಲ್ಲದೆ ಹೋದರೆ ಚಿಪ್ ಸಾಯುತ್ತದೆ. ಈ ಎರಡನ್ನೂ ಬೋರ್ಡಿನ ಮೇಲಿರುವ ಒಂದು ಚಿಕ್ಕ ಸರ್ಕ್ಯೂಟ್ ತಯಾರಿಸುತ್ತದೆ. ಅದರ ಟಿಆರ್4 ಎಂಬ ಟ್ರಾನ್ಸಿಸ್ಟರ್ ಬೇಗ ಕೆಡುವ ಭಾಗ.

4116 ಚಿಪ್‌ನ ಒಂದು ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಕಚ್ಚು ಮೇಲೆ ಬರುವಂತೆ ಇಟ್ಟರೆ ಮೇಲೆ ಎಡಗಡೆ 1ನೇ ಕಾಲು, ಬಲಗಡೆ 16ನೆಯದು. ಕೆಳಗೆ ಎಡಕ್ಕೆ 8, ಬಲಕ್ಕೆ 9. ಕರೆಂಟ್ ಕೊಡದೆ, ಮೀಟರ್ ಅನ್ನು ಕಂಟಿನ್ಯುಟಿಗೆ (ತಂತಿ ಕೂಡಿದ್ದರೆ ಬೀಪ್ ಎನ್ನುವ ಸ್ಥಾನಕ್ಕೆ) ಇಟ್ಟು, ಗ್ರೌಂಡ್ ಆಗಿರುವ 16ರಿಂದ 1, 8, 9ನೇ ಕಾಲುಗಳಿಗೆ ಮುಟ್ಟಿಸಿ. ಬೀಪ್ ಬಂದರೆ ಎಲ್ಲೋ ಶಾರ್ಟ್ ಇದೆ, ಅದು ಸರಿಯಾಗುವವರೆಗೆ ಕರೆಂಟ್ ಕೊಡಬಾರದು.

ಬೀಪ್ ಇಲ್ಲದಿದ್ದರೆ ಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಬದಲಿಸಿ, ಕರೆಂಟ್ ಕೊಟ್ಟು, ಕಪ್ಪು ಕಡ್ಡಿ 16ಕ್ಕೆ ಇಟ್ಟು ಅಳೆಯಿರಿ. 1ರಲ್ಲಿ ಮೈನಸ್ 5, 8ರಲ್ಲಿ ಪ್ಲಸ್ 12, 9ರಲ್ಲಿ ಪ್ಲಸ್ 5ರ ಆಸುಪಾಸು ಬರಬೇಕು. ಮೀಟರ್ ಕಡ್ಡಿ ಜಾರಿ ಪಕ್ಕದ ಕಾಲಿಗೆ ತಾಗದಂತೆ ನೋಡಿಕೊಳ್ಳಿ. ಮೈನಸ್ 5 ಕಾಣದಿದ್ದರೆ ತಕ್ಷಣ ಪ್ಲಗ್ ತೆಗೆಯಿರಿ. ಟಿಆರ್4 ಬದಲಿಗೆ ಝಡ್‌ಟಿಎಕ್ಸ್650 ಹಾಕಬಹುದು.

ಟಿಆರ್4 ಹೋಗುವುದು ಹೇಗೆ ಅಂತ ನಾನು ಕಲಿತದ್ದು ನೋವಿನಿಂದ. ಒಂದು ಸಂಜೆ, ಯಂತ್ರ ಆನ್ ಇದ್ದಾಗಲೇ ಹಿಂದಿನ ಜಾಯ್‌ಸ್ಟಿಕ್ ಇಂಟರ್‌ಫೇಸ್ ಎಳೆದುಬಿಟ್ಟೆ. ಪರದೆ ತುಂಬ ಉದ್ದುದ್ದ ಗೆರೆ. ಟ್ರಾನ್ಸಿಸ್ಟರ್ ಜೊತೆಗೆ ಮೂರು ಮೆಮೊರಿ ಚಿಪ್ ಹೋಗಿದ್ದವು. ಈ ಯಂತ್ರಕ್ಕೆ ಆನ್-ಆಫ್ ಸ್ವಿಚ್ಚೇ ಇಲ್ಲ. ಹಾಗಾಗಿ ಹಿಂಬದಿಗೆ ಏನೇ ಹಾಕಲಿ, ತೆಗೆಯಲಿ, ಮೊದಲು ಪವರ್ ಪಿನ್ ಹೊರಗೆ ಬರಲೇಬೇಕು.

ಬದಲಿಸಬೇಕಾದ್ದು, ಬದಲಿಸಬಹುದಾದ್ದು

ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೆಲ್ಲ ಹೊಸದಾಗಿ ಹಾಕಿ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಒಂದು ಮಧ್ಯಾಹ್ನದ ಕೆಲಸ. ಹಳೆಯದರ ಮೇಲೆ ಬರೆದದ್ದನ್ನು ನೋಡಿ ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್‌ನದು ತನ್ನಿ. ಪ್ಲಸ್-ಮೈನಸ್ ಅದಲುಬದಲಾಗಬಾರದು. ಒಂದೊಂದಾಗಿಯೇ ತೆಗೆದು ಹಾಕಿ.

ಚಿತ್ರ ಟಿವಿಗೆ ಹೋಗುವುದು ತಗಡಿನ ಡಬ್ಬಿಯಂತಿರುವ ಮಾಡ್ಯುಲೇಟರ್ ಮೂಲಕ, ಹಳೆ ಆಂಟೆನಾ ಸಿಗ್ನಲ್ ಆಗಿ. ಚಿತ್ರ ಮಸುಕು, ಈಗಿನ ಟಿವಿಗಳಲ್ಲಿ ಚಾನೆಲ್ ಹುಡುಕುವುದೂ ಕಷ್ಟ. ಅದಕ್ಕೆ ಸುಲಭ ದಾರಿ ಕಾಂಪೊಸಿಟ್ ಬದಲಾವಣೆ. ಬೋರ್ಡಿನಿಂದ ಮಾಡ್ಯುಲೇಟರ್‌ಗೆ ಎರಡು ತಂತಿ ಹೋಗುತ್ತವೆ, ಒಂದು 5 ವೋಲ್ಟ್, ಇನ್ನೊಂದು ವಿಡಿಯೊ. ಎರಡನ್ನೂ ಬಿಡಿಸಿ. ಡಬ್ಬಿಯೊಳಗೆ ಸಾಕೆಟ್‌ನ ನಡುವಿನ ಪಿನ್ನಿಗೆ ಬೆಸೆದಿರುವ ರೆಸಿಸ್ಟರ್‌ನ ಒಂದು ಕಾಲು ಬಿಡಿಸಿ, ವಿಡಿಯೊ ತಂತಿಯನ್ನು ನೇರ ಆ ಪಿನ್ನಿಗೆ ಬೆಸೆಯಿರಿ. 5 ವೋಲ್ಟ್ ತಂತಿಗೆ ಟೇಪ್ ಸುತ್ತಿಡಿ. ಟಿವಿಯ ಹಳದಿ ಜಾಕ್‌ಗೆ ಕೇಬಲ್ ಹಾಕಿದರೆ ಮುಗಿಯಿತು.

ರೆಸಿಸ್ಟರ್ ಕತ್ತರಿಸಬೇಡಿ, ಕಾಲು ಮಾತ್ರ ಎಬ್ಬಿಸಿ ಅನ್ನುವುದಕ್ಕೆ ಕಾರಣವಿದೆ. ನಾಳೆ ಯಾರಾದರೂ ಇದನ್ನು 1982ರಲ್ಲಿ ಇದ್ದ ಹಾಗೇ ನೋಡಬೇಕು ಅಂದರೆ ಸಾಧ್ಯವಾಗಬೇಕು. ಡಬ್ಬಿಗೆ ತೂತು ಕೊರೆಯುವುದು ನನಗೆ ಒಪ್ಪಿಗೆಯಿಲ್ಲ. ತೆಗೆದ ಭಾಗಗಳನ್ನೆಲ್ಲ ಒಂದು ಕವರ್‌ನಲ್ಲಿ ಹಾಕಿ, ಎಲ್ಲಿಯದು ಅಂತ ಬರೆದಿಡಿ.

ಇದೇ ಮಾತು 7805 ರೆಗ್ಯುಲೇಟರ್‌ಗೂ ಅನ್ವಯ. 9 ವೋಲ್ಟ್ ಅನ್ನು 5ಕ್ಕೆ ಇಳಿಸುವ ಅದು, ಉಳಿದ 4 ವೋಲ್ಟನ್ನು ಬಿಸಿಯಾಗಿ ಹೊರಹಾಕುತ್ತದೆ. ಅಷ್ಟೇ ಕಾಲುಗಳ ಹೊಸ ಸ್ವಿಚಿಂಗ್ ರೆಗ್ಯುಲೇಟರ್ ಹಾಕಿದರೆ ಡಬ್ಬಿ ತಣ್ಣಗಿರುತ್ತದೆ. ಪರದೆಯ ಚಿತ್ರ ತಯಾರಿಸುವ ಯುಎಲ್‌ಎ ಚಿಪ್‌ಗೆ ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಹಾಕುವಾಗಲೂ ಅಂಟು ಬೇಡ, ಥರ್ಮಲ್ ಟೇಪ್ ಸಾಕು. ಆ ಚಿಪ್ ಫೆರಾಂಟಿ ಕಂಪನಿ ಈ ಯಂತ್ರಕ್ಕೆಂದೇ ಮಾಡಿಕೊಟ್ಟದ್ದು.

ಆನ್ ಆದ ಮೇಲೆ

ಪರದೆ ಕಪ್ಪಾಗಿ, ಬೆಳ್ಳಗಾಗಿ, ಕೆಳಗೆ 1982 ಸಿಂಕ್ಲೇರ್ ರಿಸರ್ಚ್ ಅನ್ನುವ ಸಾಲು ಬಂದರೆ ಗೆದ್ದಿರಿ. ಮೆಮೊರಿ ಪೂರ್ತಿ ಇದೆಯಾ ಅಂತ ನೋಡಲು 'ಪ್ರಿಂಟ್ ಪೀಕ್ 23732 + 256 * ಪೀಕ್ 23733' ಕೊಡಿ. 65535 ಬಂದರೆ 48ಕೆ ಪೂರ್ತಿ ಇದೆ. 32767 ಬಂದರೆ 16ಕೆ ಮಾತ್ರ. ಪ್ರಿಂಟ್ ಅಂತ ಅಕ್ಷರ ಅಕ್ಷರ ಒತ್ತಬೇಕಿಲ್ಲ, 'ಪಿ' ಕೀ ಒತ್ತಿದರೆ ಇಡೀ ಪದ ಬರುತ್ತದೆ.

ಆಟಗಳು ಮೊದಲು ಬರುತ್ತಿದ್ದದ್ದು ಕ್ಯಾಸೆಟ್‌ನಲ್ಲಿ. ಒಂದು ಲೋಡ್ ಆಗಲು ನಾಲ್ಕೈದು ನಿಮಿಷ. ಆ ಕೀರಲು ಸದ್ದು ಕೇಳುತ್ತ ಕಾಯುವುದು ನನಗೆ ಈಗಲೂ ಇಷ್ಟ. ಟೇಪ್ ರೆಕಾರ್ಡರ್ ಇಲ್ಲದಿದ್ದರೆ ಮೊಬೈಲಿನ ಹೆಡ್‌ಫೋನ್ ಜಾಕ್‌ನಿಂದ 'ಇಯರ್' ಸಾಕೆಟ್‌ಗೆ ತಂತಿ ಕೊಟ್ಟು, ವಾಲ್ಯೂಮ್ ಪೂರ್ತಿ ಏರಿಸಿ ಆಡಿಯೊ ಫೈಲ್ ಹಾಕಿ. ದಿನಾ ಬಳಸುವವರು ಡಿವ್‌ಎಂಎಂಸಿ ಇಂಟರ್‌ಫೇಸ್ ಕೊಳ್ಳಿ. ಎಸ್‌ಡಿ ಕಾರ್ಡ್‌ನಿಂದ ಕ್ಷಣದಲ್ಲಿ ಲೋಡ್ ಆಗುತ್ತದೆ, ಬೆಸುಗೆಯೂ ಬೇಡ.

ಎಲ್ಲ ಸರಿಹೋದ ಮೇಲೆ ಒಂದು ಕೆಲಸ ಮಾಡಿ ನೋಡಿ. ಸ್ಪೆಕ್ಟ್ರಮ್ ನಮಗೇ ಬೇಕಾದ 21 ಅಕ್ಷರಗಳನ್ನು ಬರೆದುಕೊಳ್ಳಲು ಜಾಗ ಕೊಡುತ್ತದೆ. ಒಂದೊಂದು ಅಕ್ಷರಕ್ಕೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ರಂಗೋಲಿಯ ಚುಕ್ಕಿ ಇಟ್ಟ ಹಾಗೇ ಚೌಕುಳಿ ಹಾಳೆಯ ಮೇಲೆ ಇಟ್ಟು, ತುಂಬಿದ ಮನೆಗೆ 1, ಖಾಲಿಗೆ 0 ಬರೆದು, ಸಾಲಿಗೊಂದು 'ಪೋಕ್' (ಮೆಮೊರಿಯಲ್ಲಿ ಅಂಕಿ ಬರೆಯುವ ಆಜ್ಞೆ) ಕೊಟ್ಟರೆ ಆಯಿತು. 'ರ' ಒಂದೇ ಚೌಕದಲ್ಲಿ ಕೂರುತ್ತದೆ. 'ಠ'ದ ನಡುವಿನ ಚುಕ್ಕಿಗೂ ಜಾಗ ಸಿಗುತ್ತದೆ. ಒತ್ತಕ್ಷರಕ್ಕೆ ಕೆಳಗಿನ ಚೌಕವನ್ನೂ ಸೇರಿಸಿಕೊಳ್ಳಿ. ನನ್ನ ಮಗಳ ಹೆಸರಿನಲ್ಲಿ ಒಂದು ಒತ್ತಕ್ಷರವಿದೆ, ಅದಕ್ಕೆ ಒಟ್ಟು ನಾಲ್ಕು ಚೌಕ ಬೇಕಾದವು.